ಮೂವತ್ತು ವರ್ಷದ ಪ್ರಶ್ನೆಗೆ ಒಂದೇ ಆಪರೇಷನ್ ಉತ್ತರವೇ?

"ಎರಡಾಯ್ತಲ್ಲ, ಆಪರೇಷನ್ ಮಾಡಿಸ್ಕೊಂಡ್ಬಿಡು." ತುಮಕೂರಿನ ನಮ್ಮ ಉಪ್ಪಾರಹಳ್ಳಿಯಲ್ಲಿ ಬಾಣಂತಿ ನೋಡಲು ಬಂದವರು ಹೇಳುವ ಮಾತಿದು. ಮೊನ್ನೆ ಪಕ್ಕದ ಮನೆ ಅಕ್ಕನಿಗೂ ಹೇಳಿದರು. ಆಕೆಗೆ 24. ಎಲ್ಲರೂ ಹೋದ ಮೇಲೆ ಅಕ್ಕ ನನ್ನನ್ನು ಕೇಳಿದಳು: "ಅದು ಬಿಟ್ರೆ ಬೇರೆ ಏನೂ ಇಲ್ವಾ?"

ಇದೆ. ಹೇಳುವವರು ಕಡಿಮೆ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವರ್ಷದ ವಿವಾಹಿತೆಯರ ಪೈಕಿ ಶೇ 68.7ರಷ್ಟು ದಂಪತಿ ಯಾವುದಾದರೊಂದು ಗರ್ಭನಿರೋಧಕ ವಿಧಾನ ಬಳಸುತ್ತಾರೆ. ಇದರಲ್ಲಿ ಶೇ 57.4 ಹೆಣ್ಣುಮಕ್ಕಳ ಆಪರೇಷನ್ನೇ. ಗಂಡಸರ ಆಪರೇಷನ್ ಹೆಚ್ಚುಕಡಿಮೆ ಸೊನ್ನೆ.

ಆದರೆ ಹೆಣ್ಣು ಗರ್ಭ ಧರಿಸಬಲ್ಲ ಅವಧಿ ಸುಮಾರು ಮೂವತ್ತು ವರ್ಷ. ಅಷ್ಟೂ ವರ್ಷ ಅಗತ್ಯ ಒಂದೇ ಇರಲ್ಲ.

ಮದುವೆಯಾದ ಹೊಸತರಲ್ಲಿ ಬೇಕಾದ್ದು ಮುಂದೂಡಿಕೆ. ಕಾಂಡೋಮ್, ಮಾತ್ರೆ ಸಾಕಾಗಬಹುದು. ಲೈಂಗಿಕ ಸೋಂಕು ತಡೆಯುವುದು ಕಾಂಡೋಮ್ ಮಾತ್ರ. ಹೆರಿಗೆಯಾದ ಮೇಲೆ ಬೇಕಾದ್ದು ಅಂತರ. ಕಾಪರ್-ಟಿಯನ್ನು ಹೆರಿಗೆಯಾದ 48 ಗಂಟೆಯೊಳಗೇ ಹಾಕಿಸಬಹುದು, ಬೇಡವೆಂದಾಗ ತೆಗೆಸಬಹುದು. ಹಾಲುಣಿಸುವವರು ವಾರಕ್ಕೊಮ್ಮೆಯ 'ಛಾಯಾ' ಮಾತ್ರೆ (ಮೊದಲ ಮೂರು ತಿಂಗಳು ವಾರಕ್ಕೆರಡು) ತಗೋಬಹುದು. ಅದರಲ್ಲಿ ಹಾರ್ಮೋನ್ ಇಲ್ಲ. ಮೂರು ತಿಂಗಳಿಗೊಮ್ಮೆ 'ಅಂತರಾ' ಚುಚ್ಚುಮದ್ದೂ ಇದೆ. ಅದರಿಂದ ಮುಟ್ಟು ಏರುಪೇರಾಗಬಹುದು, ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು ಕೆಲವು ತಿಂಗಳು ಹಿಡಿಯುತ್ತದೆ. ಇದನ್ನು ಮೊದಲೇ ಹೇಳಬೇಕು. ಇವೆಲ್ಲ ಸರ್ಕಾರಿ ಕಾರ್ಯಕ್ರಮದಲ್ಲಿ ಉಚಿತ.

ಮಕ್ಕಳು ಸಾಕು ಅಂತ ಖಚಿತವಾದವರಿಗೆ ಆಪರೇಷನ್ ಒಳ್ಳೆಯದೇ. ಆದರೆ ಗಂಡಸರದ್ದು ಇನ್ನೂ ಸರಳ, ಹೊಟ್ಟೆ ಕೊಯ್ಯುವಂತಿಲ್ಲ. ಮೂರು ತಿಂಗಳು ಬೇರೆ ವಿಧಾನ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿದರಾಯ್ತು. ನಲವತ್ತು ದಾಟಿದವರಿಗೂ ಗರ್ಭನಿರೋಧಕ ಬೇಕು: ಮುಟ್ಟು ತಪ್ಪಿತೆಂದ ಮಾತ್ರಕ್ಕೆ ಗರ್ಭದ ಸಾಧ್ಯತೆ ಮುಗಿಯಲ್ಲ. ಬಿಪಿ ಇದ್ದವರು ಡಾಕ್ಟರನ್ನು ಕೇಳದೆ ಹಾರ್ಮೋನ್ ಮಾತ್ರೆ ನುಂಗಬಾರದು.

1930ರಲ್ಲೇ ಮೈಸೂರು ಸಂಸ್ಥಾನ ಸರ್ಕಾರಿ ಗರ್ಭನಿರೋಧ ಕ್ಲಿನಿಕ್ ತೆರೆದಿತ್ತು. 2016ರಲ್ಲಿ ಸುಪ್ರೀಂ ಕೋರ್ಟ್, ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ, ಸಂತಾನಹರಣ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಲು ಹೇಳಿತು. ಬೇರೆ ದಾರಿಗಳನ್ನು ತಿಳಿಸದೆ ಪಡೆದ ಸಹಿಯನ್ನು ಒಪ್ಪಿಗೆ ಅನ್ನೋಕಾಗಲ್ಲ. ಹಾಗಾಗಿ ಇದು ಬರೀ ಆಸ್ಪತ್ರೆ ವಿಷಯ ಅಲ್ಲ, ಹಕ್ಕಿನ ವಿಷಯ.

ಅಕ್ಕ ಇನ್ನೂ ತೀರ್ಮಾನಿಸಿಲ್ಲ. "ಅವರನ್ನೂ ಕರ್ಕೊಂಡು ಹೋಗಿ ಡಾಕ್ಟರ್ ಹತ್ರ ಕೇಳ್ತೀನಿ" ಅಂದಿದ್ದಾಳೆ. ಗಂಡನೂ ಜೊತೆಗೆ ಹೋಗ್ತಿರೋದು ನಮ್ಮ ಬೀದಿಗೆ ಹೊಸದು.