ಕಾಲುವೆ ಅಗೆದಾಗ ಬಯಲಾದ ಭೂಚರಿತ್ರೆ

‘ಬೇರೆ ಬೇರೆ ಊರಿನ ಎರಡು ಕಲ್ಲುಗಳಲ್ಲಿ ಯಾವುದು ಹಳೆಯದೆಂದು, ಪ್ರಯೋಗಾಲಯಗಳೇ ಇಲ್ಲದ ಕಾಲದಲ್ಲಿ ಹೇಗೆ ಗೊತ್ತುಮಾಡಿದರು?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಈ ಪ್ರಶ್ನೆಗೆ ಉತ್ತರ ಸಿಕ್ಕ ಜಾಗವನ್ನು ಇವತ್ತಿಗೂ ನಡೆದು ನೋಡಬಹುದು. ಇಂಗ್ಲೆಂಡಿನ ಸಾಮರ್‌ಸೆಟ್ ಪ್ರಾಂತ್ಯದಲ್ಲಿ, ಬಾತ್ ನಗರದ ನೈಋತ್ಯಕ್ಕೆ, ಪಾಲ್ಟನ್, ಕ್ಯಾಮರ್ಟನ್, ಡಂಕರ್ಟನ್, ಕೂಮ್ ಹೇ ಎಂಬ ಹಳ್ಳಿಗಳನ್ನು ಹಾದುಹೋಗುವ ಹಳೆಯ ಕಾಲುವೆಯೊಂದಿದೆ. ಅದರ ದಂಡೆಯ ಮೇಲೆ ಇತಿಹಾಸಪ್ರಿಯರು ಗುಂಪಾಗಿ ನಡೆಯುತ್ತಾರೆ. ಅಲ್ಲಿನ ಕೊನೆಯ ಕಲ್ಲಿದ್ದಲು ಗಣಿಗಳು 1973ರಲ್ಲಿ ಮುಚ್ಚಿದವು. ಗಣಿಯ ಕಸ ಸುರಿದು ಬೆಳೆದ ದಿಬ್ಬಗಳಿಗೆ ಆ ಸೀಮೆಯವರು ‘ಬ್ಯಾಚ್’ ಎನ್ನುತ್ತಾರೆ. ಈಗ ಅವುಗಳ ಮೇಲೆ ಮರಗಳು ಬೆಳೆದಿವೆ. 1898ರಲ್ಲಿ ಮುಚ್ಚಿದ ಕಾಲುವೆ ಬಹುಪಾಲು ಒಣಗಿದೆ. ಕೂಮ್ ಹೇಯಲ್ಲಿ ದೋಣಿಗಳನ್ನು ಹಂತಹಂತವಾಗಿ ಏರಿಸಿ ಇಳಿಸುತ್ತಿದ್ದ ಲಾಕ್‌ಗಳ ಕಲ್ಲುಗೋಡೆಗಳು ಮಾತ್ರ ಕಾಡಿನ ನಡುವೆ ಉಳಿದಿವೆ.

1791ರಲ್ಲಿ ಇಲ್ಲಿಗೆ ಜಮೀನು ಅಳೆಯಲು ಬಂದ ವಿಲಿಯಂ ಸ್ಮಿತ್‌ಗೆ ಆಗ 22 ವರ್ಷ. ಕಮ್ಮಾರನ ಮಗ, ಕಾಲೇಜು ಕಂಡವನಲ್ಲ. ಹೈ ಲಿಟಲ್ಟನ್ ಹಳ್ಳಿಯ ಬಳಿ ಮರ್ನ್ಸ್ ಗಣಿಗೆ ಇಳಿದಾಗ ಗಣಿ ಕೆಲಸಗಾರರೇ ಅವನ ಗುರುಗಳಾದರು. ಯಾವ ಕಲ್ಲಿದ್ದಲ ಪದರದ ಕೆಳಗೆ ಯಾವುದು ಬರುತ್ತದೆ, ಅದರ ಮೇಲ್ಚಾವಣಿಯ ಕಲ್ಲು ಎಂಥದ್ದು ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ಅದೇ ಸೀಮೆಯ ಜಾನ್ ಸ್ಟ್ರೇಚಿ ಎಂಬ ಜಮೀನ್ದಾರ 1719ರಷ್ಟು ಹಿಂದೆಯೇ ಈ ಪದರಗಳ ಅಡ್ಡಕೊಯ್ತದ ಚಿತ್ರ ಬರೆದು ಪ್ರಕಟಿಸಿದ್ದ. ಸ್ಮಿತ್‌ನನ್ನು ಒಂಟಿ ಪ್ರತಿಭೆಯಾಗಿ ಮೆರೆಸುವ ಬರಹಗಳು ಹೆಸರಿಲ್ಲದ ಆ ಕೆಲಸಗಾರರನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತವೆ. ಅದು ನ್ಯಾಯವಲ್ಲ.

ಆದರೆ ಒಂದು ಮಾತನ್ನು ಸ್ಮಿತ್ ಒಪ್ಪಲಿಲ್ಲ. ಕಲ್ಲಿದ್ದಲ ಮೇಲೆ ಕೆಮ್ಮಣ್ಣಿನ ಪದರವೊಂದಿದೆ, ಅದರಿಂದ ಮೇಲೆ ಯಾವ ಕ್ರಮವೂ ಇಲ್ಲ ಎಂದು ಗಣಿಯವರು ಹೇಳುತ್ತಿದ್ದರು. ಅವರ ಅನುಭವಕ್ಕೆ ಆಧಾರವಿತ್ತು. ಕೆಳಗಿನ ಕಲ್ಲಿದ್ದಲ ಪದರಗಳು ಮಡಚಿಕೊಂಡು ಕಡಿದಾಗಿ ಓರೆಯಾಗಿವೆ. ಹಲವು ಕೋಟಿ ವರ್ಷಗಳ ಸವೆತದ ನಂತರ ಕೆಂಪು ಪದರ ಅವುಗಳ ಮೇಲೆ ಹೆಚ್ಚುಕಡಿಮೆ ಮಟ್ಟಸವಾಗಿ ಕೂತಿದೆ. ಮೇಲಿನದಕ್ಕೂ ತನ್ನದೇ ಕ್ರಮ ಇರಲೇಬೇಕು ಎಂಬುದು ಸ್ಮಿತ್‌ನ ಅನುಮಾನ. ಅದನ್ನು ಪರೀಕ್ಷಿಸಲು ಅವಕಾಶ ಒದಗಿಸಿದ್ದು ಕಾಲುವೆ.

ಗಣಿಯ ಕಲ್ಲಿದ್ದಲನ್ನು ದೋಣಿಯಲ್ಲಿ ಅಗ್ಗವಾಗಿ ಸಾಗಿಸಲು ಸಾಮರ್‌ಸೆಟ್ ಕೋಲ್ ಕೆನಾಲ್‌ಗೆ 1794ರಲ್ಲಿ ಪಾರ್ಲಿಮೆಂಟಿನ ಒಪ್ಪಿಗೆ ಸಿಕ್ಕಿತು. ಅದರ ಸರ್ವೇಯರ್ ಸ್ಮಿತ್. ನೆಲದ ಪದರಗಳು ಬೆಣ್ಣೆ ಸವರಿ ಪೇರಿಸಿದ ಬ್ರೆಡ್ ಹೋಳುಗಳಂತೆ ಎಂದು ಅವನೇ ಹೇಳುತ್ತಿದ್ದ. ಈ ಹೋಲಿಕೆಯನ್ನು ಕೊನೆಯವರೆಗೂ ಎಳೆದು ನೋಡಬೇಕು. ಹೋಳುಗಳ ಅಟ್ಟಿಯನ್ನು ಪೂರ್ವಕ್ಕೆ ತುಸು ವಾಲಿಸಿ. ಈಗ ಅದರ ಮೇಲ್ಭಾಗವನ್ನು ಚಾಕುವಿನಿಂದ ಸಮಮಟ್ಟಕ್ಕೆ ಕೊಯ್ದು ತೆಗೆಯಿರಿ. ಪ್ರತಿ ಹೋಳಿನ ಅಂಚೂ ಹೊರಗೆ ಕಾಣುತ್ತದೆ: ಪಶ್ಚಿಮದ ತುದಿಯಲ್ಲಿ ತಳದ ಹೋಳು, ಪೂರ್ವಕ್ಕೆ ಸರಿದಂತೆಲ್ಲ ಮೇಲುಮೇಲಿನವು. ಕೊಯ್ದ ಮೈಮೇಲೆ ಪೂರ್ವಕ್ಕೆ ಹರಿಯುವ ಇರುವೆ ಒಂದಿಷ್ಟೂ ಮೇಲೇರದೆ ಹಳೆಯ ಹೋಳಿನಿಂದ ಹೊಸದಕ್ಕೆ ದಾಟುತ್ತದೆ. ಕಾಲುವೆಯೂ ಹಾಗೆಯೇ. ನೀರು ನಿಲ್ಲಬೇಕಾದ್ದರಿಂದ ಅದನ್ನು ಸಮಮಟ್ಟದಲ್ಲಿ ಅಗೆಯಬೇಕು, ಮತ್ತು ಈ ಕಾಲುವೆ ಗಣಿಗಳಿಂದ ಪೂರ್ವಕ್ಕೆ ಸಾಗುತ್ತಿತ್ತು. ಹಾರೆ ಗುದ್ದಲಿಗಳು ತಾವಾಗಿಯೇ ಆ ಚಾಕುವಿನ ಕೆಲಸ ಮಾಡಿದವು. ಕಾಲುವೆಗೆ ಎರಡು ಕವಲು, ಅಕ್ಕಪಕ್ಕದ ಎರಡು ಕಣಿವೆಗಳಲ್ಲಿ. ಎರಡರಲ್ಲೂ ಅದೇ ಕ್ರಮ, ಅದೇ ವಾಲು.

ತೊಡಕೊಂದು ಉಳಿದಿತ್ತು. ಬಾತ್ ಸುತ್ತಲಿನ ಹಳದಿ ಸುಣ್ಣಕಲ್ಲಿನ ಎರಡು ಪದರಗಳು ನೋಡಲು ಒಂದೇ ಬಗೆ, ಆದರೆ ನಡುವೆ ಜೇಡಿಯ ದಪ್ಪ ಪದರವಿದೆ. ಯಾವುದರಲ್ಲಿ ಅಗೆಯುತ್ತಿದ್ದೇವೆ ಎಂಬುದು ಕಾಲುವೆಯವರಿಗೆ ಹಣದ ಪ್ರಶ್ನೆ. ಸುಣ್ಣಕಲ್ಲಿನ ಬಿರುಕುಗಳಲ್ಲಿ ನೀರು ಇಂಗಿಹೋಗುತ್ತದೆ, ಜೇಡಿಯಲ್ಲಿ ನಿಲ್ಲುತ್ತದೆ. ಕಲ್ಲಿನ ಬಣ್ಣ ನಂಬಿ ಪ್ರಯೋಜನವಿಲ್ಲ, ಒಳಗಿನ ಚಿಪ್ಪುಗಳನ್ನು ನೋಡಬೇಕು ಎಂಬುದು ಸ್ಮಿತ್‌ಗೆ ಹೊಳೆಯಿತು. ಪ್ರತಿ ಪದರಕ್ಕೂ ಅದರದೇ ಪಳೆಯುಳಿಕೆಗಳಿವೆ, ಮೇಲಿನವು ಕೆಳಗೆ ಸಿಗುವುದಿಲ್ಲ. 1796ರ ಜನವರಿ 5ರಂದು ಡಂಕರ್ಟನ್‌ನ ಸ್ವಾನ್ ಎಂಬ ವಸತಿಗೃಹದಲ್ಲಿ ಕೂತು ಅವನು ಇದನ್ನು ಬರೆದಿಟ್ಟ. ಅಡಿಯ ಪದರ ಹಳೆಯದು ಎಂದು ಡೆನ್ಮಾರ್ಕಿನ ನಿಕೋಲಸ್ ಸ್ಟೆನೊ 1669ರಲ್ಲೇ ಹೇಳಿದ್ದ. ಆದರೆ ಮೈಲಿಗಟ್ಟಲೆ ದೂರದ, ಒಂದಕ್ಕೊಂದು ತಾಗದ ಕಲ್ಲುಗಳನ್ನು ಹೋಲಿಸುವ ದಾರಿ ತೆರೆದದ್ದು ಈ ಚಿಪ್ಪುಗಳಿಂದ.

1799ರಲ್ಲಿ ಕಾಲುವೆ ಕಂಪನಿ ಅವನನ್ನು ಕೆಲಸದಿಂದ ತೆಗೆಯಿತು. ಅದೇ ವರ್ಷ ಬಾತ್‌ನಲ್ಲಿ ಇಬ್ಬರು ಪಾದ್ರಿ ಗೆಳೆಯರಿಗೆ 23 ಪದರಗಳ ಪಟ್ಟಿಯನ್ನು ಅವನು ಬಾಯಲ್ಲಿ ಹೇಳಿ ಬರೆಸಿದ. 1815ರಲ್ಲಿ ಇಂಗ್ಲೆಂಡ್, ವೇಲ್ಸ್ ಮತ್ತು ಸ್ಕಾಟ್ಲೆಂಡಿನ ಒಂದು ಭಾಗವನ್ನು ಒಳಗೊಂಡ, ಕೈಯಿಂದ ಬಣ್ಣ ತುಂಬಿದ ಭೂವೈಜ್ಞಾನಿಕ ನಕ್ಷೆ ಹೊರಬಂತು. ಸಾಲಕ್ಕಾಗಿ 1819ರಲ್ಲಿ ಜೈಲು. ಲಂಡನ್ನಿನ ಜಿಯಾಲಜಿಕಲ್ ಸೊಸೈಟಿ ತನ್ನ ವೊಲಾಸ್ಟನ್ ಪದಕವನ್ನು ಮೊದಲ ಬಾರಿಗೆ ಕೊಟ್ಟದ್ದು ಅವನಿಗೇ, 1831ರಲ್ಲಿ.

ಸ್ಮಿತ್ ಸಾಕಿ ಬೆಳೆಸಿದ ಸೋದರಳಿಯ ಜಾನ್ ಫಿಲಿಪ್ಸ್ 1841ರಲ್ಲಿ ಪಳೆಯುಳಿಕೆಗಳ ಆಧಾರದ ಮೇಲೆ ಭೂಕಾಲವನ್ನು ಮೂರು ಮಹಾಯುಗಗಳಾಗಿ ವಿಂಗಡಿಸಿದ. ಕರ್ನಾಟಕದ ಹೆಚ್ಚಿನ ಬಂಡೆಗಳು ಆ ಮೂರಕ್ಕೂ ಹಿಂದಿನವು. ಬೆಂಗಳೂರಿನ ಲಾಲ್‌ಬಾಗಿನ ಗುಡ್ಡ ಸುಮಾರು 300 ಕೋಟಿ ವರ್ಷ ಹಳೆಯದು; ಚಿಪ್ಪುಳ್ಳ ಪ್ರಾಣಿಗಳು ಹೇರಳವಾಗಿ ಕಾಣಿಸಿಕೊಂಡದ್ದು ಸುಮಾರು 54 ಕೋಟಿ ವರ್ಷಗಳ ಹಿಂದೆ. ಅಲ್ಲಿ ಚಿಪ್ಪು ಹುಡುಕಿ ಫಲವಿಲ್ಲ. ಅಂಥ ಬಂಡೆಯೊಳಗಿನ ಜಿರ್ಕಾನ್ ಎಂಬ ಪುಟ್ಟ ಹರಳುಗಳಲ್ಲಿ ಯುರೇನಿಯಂ ನಿಗದಿತ ಗತಿಯಲ್ಲಿ ಸೀಸವಾಗುತ್ತಾ ಹೋಗುತ್ತದೆ, ಅವೆರಡರ ಪ್ರಮಾಣ ಅಳೆದು ವಯಸ್ಸು ಲೆಕ್ಕ ಹಾಕುತ್ತಾರೆ. ಆ ಕೆಲಸಕ್ಕೆ ಪ್ರಯೋಗಾಲಯ ಬೇಕೇ ಬೇಕು.