ಬಲೆ ನೇಯದ ಜೇಡವೂ ಸೈನಿಕ ಹುಳುವಿನ ಪತಂಗವೂ

ಪತಂಗಗಳ ಮೈಮೇಲೆ ಸುಲಭವಾಗಿ ಕಳಚುವ ಧೂಳಿನಂತಹ ಹುರುಪೆಗಳಿರುವುವು. ಆದುದರಿಂದ ಜೇಡರ ಬಲೆಗೆ ತಗುಲಿದರೂ ಅವು ಅನೇಕ ವೇಳೆ ಹುರುಪೆಗಳನ್ನು ಬಿಟ್ಟು ಪಾರಾಗುವುವು. ಅಮೆರಿಕ ಖಂಡಗಳಲ್ಲಿರುವ ಮ್ಯಾಸ್ಟೊಫೋರ ಎಂಬ ಜೇಡವು ಇವುಗಳನ್ನು ಬೇರೊಂದು ಉಪಾಯದಿಂದ ಹಿಡಿಯುವುದು.

ಬೆಳೆದ ಹೆಣ್ಣು ಜೇಡವು ರಾತ್ರಿಯಲ್ಲಿ ಒಂದು ಎಳೆಯ ತುದಿಗೆ ಅಂಟಿನ ಗುಂಡನ್ನು ಕಟ್ಟಿ, ಕಾಲಿನಿಂದ ಹಿಡಿದು ಕಾದಿರುವುದು. ಹೆಣ್ಣು ಪತಂಗವು ಗಂಡನ್ನು ಕರೆಯಲು ಬಿಡುವ ವಾಸನೆಯನ್ನು ಹೋಲುವ ವಾಸನೆಯನ್ನು ತಾನೂ ಬಿಡುವುದು. ಮೋಸಹೋಗಿ ಬಂದ ಗಂಡಿನ ಮೇಲೆ ಗುಂಡನ್ನು ಬೀಸುವುದು. ಅಂಟು ಹುರುಪೆಗಳ ಸಂದಿಗಳಲ್ಲಿ ಹರಿದು ಮೈಯನ್ನೇ ಹಿಡಿಯುವುದು. ಎಬರ್‌ಹಾರ್ಡ್‌ರವರು ಕೊಲಂಬಿಯ ದೇಶದಲ್ಲಿ ಇದನ್ನು ಪರಿಶೀಲಿಸಿ 1977ರಲ್ಲಿ ಪ್ರಕಟಿಸಿದರು. ಸಿಕ್ಕಿದ ಪತಂಗಗಳೆಲ್ಲವೂ ಗಂಡುಗಳೇ. ಅವುಗಳಲ್ಲಿ ಮುಸುಕಿನ ಜೋಳದ ಸೈನಿಕ ಹುಳುವಿನ ಪತಂಗಗಳೂ ಇದ್ದುವು.

ಈ ಹುಳುವೇ 2018ರಲ್ಲಿ, ಭಾರತದಲ್ಲಿ ಮೊದಲ ಬಾರಿಗೆ, ಶಿವಮೊಗ್ಗದ ಮುಸುಕಿನ ಜೋಳದ ಹೊಲಗಳಲ್ಲಿ ಕಾಣಿಸಿಕೊಂಡಿತು. ಇದಕ್ಕಾಗಿ ರೈತರು ನಿಲ್ಲಿಸುವ ಫೆರೊಮೋನ್ ಬೋನೂ ಜೇಡದಂತೆಯೇ ವಾಸನೆಯಿಂದ ಗಂಡನ್ನು ಸೆಳೆಯುವುದು. ಆದುದರಿಂದ ಇದರ ಮಿತಿಯನ್ನೂ ರೈತರು ತಿಳಿದಿರತಕ್ಕದ್ದು. ಬೋನಿಗೆ ಬೀಳುವುದು ಗಂಡು. ಹೊಲದಲ್ಲಿ ಮೊಟ್ಟೆಯಿಡುವುದು ಹೆಣ್ಣು. ಈಗಾಗಲೇ ಕೂಡಿದ ಹೆಣ್ಣನ್ನು ಬೋನು ತಡೆಯಲಾರದು. ಬೋನು ತುಂಬಿತೆಂದು ನಿಶ್ಚಿಂತರಾಗಿ ಬೆಳೆಯನ್ನು ಕಳೆದುಕೊಳ್ಳಬಾರದು. ಅದರಲ್ಲಿ ಪತಂಗವು ಕಂಡ ದಿನದಿಂದಲೇ ಗಿಡಗಳ ಸುಳಿಗಳನ್ನೂ ಎಲೆಗಳ ಎರಡು ಮಗ್ಗುಲುಗಳನ್ನೂ ನೋಡಿ, ನವಿರಿನಿಂದ ಮುಚ್ಚಿದ ಮೊಟ್ಟೆಯ ಗುಂಪುಗಳನ್ನೂ ಮರಿಹುಳುಗಳನ್ನೂ ಆರಿಸಿ ಹೊಸಕಿಹಾಕತಕ್ಕದ್ದು. ಹುಳುವು ಸುಳಿಯೊಳಗೆ ಸೇರಿದ ಮೇಲೆ ಪ್ರಯಾಸವೂ ಖರ್ಚೂ ಹೆಚ್ಚುವುವು.