ಎರಡು ಮಿಲಿಸೆಕೆಂಡಿನ ಏಟು, ಹದಿನೇಳು ವರ್ಷದ ಉರಿ

ಕೋಲಾರದ ಚಿನ್ನದ ಗಣಿಯೂರು ಕೆಜಿಎಫ್‌ನ ಆಂಡರ್ಸನ್‌ಪೇಟೆಯವರನ್ನು ಅಂಕಿ ಹೇಳಿ ಬೆರಗುಗೊಳಿಸುವುದು ಕಷ್ಟ. ಪಕ್ಕದ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ತಳದಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ದಾಟುತ್ತಿತ್ತು. 120 ವರ್ಷದಲ್ಲಿ ಕೆಜಿಎಫ್ ಕೊಟ್ಟ ಚಿನ್ನ ಸುಮಾರು 800 ಟನ್. ಚಿನ್ನ ತೆಗೆದು ಮಿಕ್ಕ ಪುಡಿ ಮೂರು ಕೋಟಿ ಟನ್ನಿಗೂ ಮೇಲೆ, ಸೈನೈಡ್ ದಿಬ್ಬಗಳಾಗಿ ಇವತ್ತಿಗೂ ನಿಂತಿದೆ. ಇಂಥ ಊರಿನಲ್ಲಿ ಒಂದೂವರೆ ಕೆಜಿಯೂ ತೂಗದ ಮೆದುಳಿನ ಲೆಕ್ಕ ಹೇಳಹೊರಟಿದ್ದೇನೆ.

ತಲೆಗೆ ಬೀಳುವ ಏಟಿನಿಂದಲೇ ಶುರುಮಾಡೋಣ. ಬೈಕ್ ಜೋರಾಗಿ ಓಡುತ್ತಿರಬೇಕೆಂದೇನಿಲ್ಲ. ನಿಂತ ಬೈಕಿನಿಂದ ಆಯತಪ್ಪಿದರೂ ತಲೆ ಒಂದೂವರೆ ಮೀಟರ್ ಎತ್ತರದಿಂದ ಬೀಳುತ್ತದೆ. ನೆಲ ಮುಟ್ಟುವ ಹೊತ್ತಿಗೆ ಅದರ ವೇಗ ಗಂಟೆಗೆ ಸುಮಾರು 20 ಕಿಲೋಮೀಟರ್. ಡಾಂಬರು ಬಗ್ಗುವುದಿಲ್ಲ. ಚರ್ಮ, ಮೂಳೆ ಎಲ್ಲ ಸೇರಿ 5 ಮಿಲಿಮೀಟರ್ ಜಾಗ ಕೊಟ್ಟವೆಂದೇ ಇಟ್ಟುಕೊಳ್ಳಿ. 1,500 ಮಿಲಿಮೀಟರಿನಲ್ಲಿ ಗಳಿಸಿದ ವೇಗವನ್ನು 5 ಮಿಲಿಮೀಟರಿನಲ್ಲಿ ಕಳೆಯಬೇಕು. ಭಾಗಿಸಿದರೆ 300: ತಲೆಯ ಮೇಲೆ ಗುರುತ್ವದ 300 ಪಟ್ಟು ಬಲ. ಎಲ್ಲ ಮುಗಿಯಲು ಎರಡು ಮಿಲಿಸೆಕೆಂಡು ಸಾಕು. ಹೆಲ್ಮೆಟ್ಟಿನೊಳಗಿನ ಥರ್ಮಾಕೋಲು 30 ಮಿಲಿಮೀಟರ್ ಅಮುಕಿಕೊಂಡರೆ ಅದೇ 300 ಇಳಿದು 50 ಆಗುತ್ತದೆ. ಹೆಲ್ಮೆಟ್ಟನ್ನು ಮೊಣಕೈಗೆ ನೇತುಹಾಕಿಕೊಂಡು ಹೋಗುವವರಿಗೆ ಹೈಸ್ಕೂಲಿನ ಈ ಭಾಗಾಕಾರಕ್ಕಿಂತ ಖಡಕ್ಕಾದ ಬುದ್ಧಿಮಾತು ನನಗೆ ಹೊಳೆದಿಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಜಿ. ಗುರುರಾಜ್ 2002ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ 15ರಿಂದ 20 ಲಕ್ಷ ಮಂದಿಯ ಮೆದುಳಿಗೆ ಪೆಟ್ಟಾಗುತ್ತದೆ. ಕಡಿಮೆ ಅಂಕಿಯನ್ನೇ ಹಿಡಿದರೂ 21 ಸೆಕೆಂಡಿಗೊಬ್ಬರು. ನೂರರಲ್ಲಿ 60 ರಸ್ತೆಯಲ್ಲಿ ಆದವು.

ಆದರೆ ಕೊಲ್ಲುವುದು ಏಟೊಂದೇ ಅಲ್ಲ. ಗಣಿಯಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾಕ್ ಬರ್ಸ್ಟ್, ಅಂದರೆ ಒತ್ತಡಕ್ಕೆ ಬಂಡೆ ಸಿಡಿಯುವುದು, ಆಗುವುದು ಒಂದು ಕ್ಷಣದಲ್ಲಿ. ಸುತ್ತಲಿನ ಬಂಡೆ ಮಾತ್ರ ತನ್ನ ಮೇಲೆ ಬಿದ್ದ ಹೊಸ ಭಾರಕ್ಕೆ ಹೊಂದಿಕೊಳ್ಳಲಾಗದೆ ಆಮೇಲೂ ಸಿಡಿಯುತ್ತಿರುತ್ತದೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿ, ಸುರಂಗಗಳಲ್ಲಿ ನೀರು ತುಂಬಿಕೊಂಡ ಮೇಲೂ ಕೆಜಿಎಫ್ ನೆಲ ನಡುಗಿದ್ದನ್ನು ಯಂತ್ರಗಳು ದಾಖಲಿಸಿವೆ. ತಲೆಯೊಳಗೂ ಹಾಗೆಯೇ, ಎರಡನೆಯ ಸುತ್ತು ನಿಧಾನವಾಗಿ ಬರುತ್ತದೆ.

ಮೆದುಳಿನಲ್ಲಿ ನರಕೋಶಗಳು 8,600 ಕೋಟಿ. ಅವುಗಳ ನಡುವೆ ಕಾವಲಿಗಿರುವ ಮೈಕ್ರೋಗ್ಲಿಯಾ ಕೋಶಗಳೂ ನೂರಾರು ಕೋಟಿ. ಇವು ಸುಮ್ಮನೆ ಕೂರುವವಲ್ಲ. ಇಲಿಯ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರು 2005ರಲ್ಲಿ ಅಳೆದರು: ಮೈಕ್ರೋಗ್ಲಿಯಾದ ಕೈಗಳು ನಿಮಿಷಕ್ಕೆ ಒಂದೂವರೆ ಮೈಕ್ರಾನ್ ವೇಗದಲ್ಲಿ ಸದಾ ತಡಕಾಡುತ್ತಿರುತ್ತವೆ, ಕೆಲವೇ ಗಂಟೆಗಳಲ್ಲಿ ಇಡೀ ಮೆದುಳನ್ನು ಒಮ್ಮೆ ತಪಾಸಣೆ ಮಾಡಿ ಮುಗಿಸುತ್ತವೆ. ಆ ವೇಗದಲ್ಲಿ ಒಂದು ಮಿಲಿಮೀಟರ್ ದಾಟಲು 11 ಗಂಟೆ ಬೇಕು. ಆದರೂ ಲೇಸರ್‌ನಿಂದ ಒಂದು ಚುಕ್ಕೆ ಗಾಯ ಮಾಡಿದಾಗ, ಅರ್ಧ ಗಂಟೆಯೊಳಗೆ ಸುತ್ತಲಿನ ಕೈಗಳೆಲ್ಲ ಅದನ್ನು ಮುತ್ತಿ ಮುಚ್ಚಿದ್ದವು.

ಕರೆ ಹೋಗುವುದು ಎಟಿಪಿಯಿಂದ. ಕೋಶಕ್ಕೆ ಶಕ್ತಿ ಕೊಡುವ ಈ ರಾಸಾಯನಿಕ ಹೊರಗಿನದಕ್ಕಿಂತ ಒಳಗೆ ಲಕ್ಷಗಟ್ಟಲೆ ಪಟ್ಟು ಹೆಚ್ಚಿರುತ್ತದೆ. ಕೋಶ ಒಡೆದರೆ ಅದು ಹೊರಚೆಲ್ಲುತ್ತದೆ, ಕಾವಲಿನವರಿಗೆ ಸುದ್ದಿ ಮುಟ್ಟುತ್ತದೆ. ಅವರು ಬಂದು ಕಸ ನುಂಗುತ್ತಾರೆ, ಜೊತೆಗೆ ಉರಿಯೂತದ ರಾಸಾಯನಿಕಗಳನ್ನೂ ಸುರಿಸುತ್ತಾರೆ. ಮೆದುಳಿನ ಸೂಕ್ಷ್ಮ ರಕ್ತನಾಳಗಳನ್ನು ಸಾಲಾಗಿ ಜೋಡಿಸಿದರೆ 600 ಕಿಲೋಮೀಟರ್, ಕೋಲಾರದಿಂದ ಕಲಬುರಗಿ ಮುಟ್ಟುವಷ್ಟು. ಏಟಿಗೂ ಉರಿಯೂತಕ್ಕೂ ಸಿಕ್ಕಿದ ಕಡೆ ಅವುಗಳ ಗೋಡೆ ಸಡಿಲವಾಗಿ ನೀರು ಒಸರತೊಡಗುತ್ತದೆ. ಬೇರೆ ಕಡೆಯಾದರೆ ಬಾವು ಹೊರಗೆ ಉಬ್ಬುತ್ತಿತ್ತು. ಇಲ್ಲಿ ಸುತ್ತಲೂ ಮೂಳೆ, ಒಳಗೆ ಒಂದೂವರೆ ಲೀಟರ್ ಜಾಗ, ಅದೂ ಆಗಲೇ ಭರ್ತಿ. ಒಳಗಿನ ಒತ್ತಡ 15 ಮಿಮೀ ಪಾದರಸ ಮೀರಬಾರದು. 22 ದಾಟಿದರೆ ಚಿಕಿತ್ಸೆಗೆ ಓಡಬೇಕು. ಊತ ಸಾಮಾನ್ಯವಾಗಿ ಏರುವುದು ಎರಡನೆಯ ದಿನದಿಂದ ಐದನೆಯ ದಿನದೊಳಗೆ. ಐಸಿಯು ಬಾಗಿಲಲ್ಲಿ ಡಾಕ್ಟರು "72 ಗಂಟೆ ಏನೂ ಹೇಳಕ್ಕಾಗಲ್ಲ" ಅನ್ನುವುದು ಜಾರಿಕೊಳ್ಳುವ ಮಾತಲ್ಲ.

ಔಷಧಕ್ಕೆ ಬಗ್ಗದಿದ್ದರೆ ಮೂಳೆಯನ್ನೇ ತೆಗೆಯುತ್ತಾರೆ. ಅಂಗೈಯಗಲದ ತಲೆಬುರುಡೆಯ ತುಂಡನ್ನು ಬಿಚ್ಚಿ, ಎಷ್ಟೋ ಸಲ ರೋಗಿಯ ಹೊಟ್ಟೆಯ ಚರ್ಮದಡಿಯೇ ಜೋಪಾನ ಮಾಡಿ, ತಿಂಗಳುಗಳ ಮೇಲೆ ಮರಳಿ ಕೂರಿಸುವುದುಂಟು. 2016ರಲ್ಲಿ ಬಂದ 408 ರೋಗಿಗಳ ಅಧ್ಯಯನದಲ್ಲಿ ಇದರಿಂದ ಆರು ತಿಂಗಳೊಳಗಿನ ಸಾವು ನೂರಕ್ಕೆ 48.9ರಿಂದ 26.9ಕ್ಕೆ ಇಳಿಯಿತು. ಪ್ರಜ್ಞೆ ಮರಳದೆ ಬರೀ ಉಸಿರಾಡಿಕೊಂಡು ಉಳಿದವರು ಮಾತ್ರ 2.1ರಿಂದ 8.5ಕ್ಕೆ ಏರಿದರು. ಸಹಿ ಹಾಕುವ ಮನೆಯವರಿಗೆ ಎರಡೂ ಅಂಕಿ ತಿಳಿದಿರಬೇಕು.

ಉರಿಯೂತವೇ ಶತ್ರುವಾದರೆ ಅದನ್ನು ಅಡಗಿಸುವ ಸ್ಟಿರಾಯ್ಡ್ ಕೊಟ್ಟರಾಯಿತಲ್ಲ? ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹಾಗೇ ಕೊಟ್ಟರು. ಕೊನೆಗೆ ಕ್ರ್ಯಾಶ್ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ 10,008 ರೋಗಿಗಳನ್ನು ಸಮ ಪಾಲು ಮಾಡಿ, ಅರ್ಧದಷ್ಟು ಜನರಿಗೆ ಸ್ಟಿರಾಯ್ಡ್, ಮಿಕ್ಕವರಿಗೆ ಹುಸಿ ಔಷಧ ಕೊಟ್ಟು ನೋಡಿದರು. ಎರಡು ವಾರದಲ್ಲಿ ಹುಸಿ ಔಷಧದ ಗುಂಪಿನಲ್ಲಿ ಸತ್ತವರು 893. ಸ್ಟಿರಾಯ್ಡ್ ಪಡೆದವರಲ್ಲಿ 1,052. ಹೆಚ್ಚಿನ ಸಾವು 159. 20,000 ಜನರನ್ನು ಸೇರಿಸಬೇಕೆಂದಿದ್ದ ಪರೀಕ್ಷೆಯನ್ನು 2004ರಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಈ ವಿಷಯದಲ್ಲಿ ನನ್ನನ್ನು ಬಹಳ ದಿನ ಕಾಡಿದ ಅಂಕಿ ಇದೇ: ಎಲ್ಲರಿಗೂ ಸಹಜವೆನಿಸಿದ ಮದ್ದು ನೂರಕ್ಕೆ ಮೂರು ಜನರನ್ನು ಹೆಚ್ಚುವರಿಯಾಗಿ ಕೊಲ್ಲುತ್ತಿತ್ತು, ಒಂದೊಂದು ಆಸ್ಪತ್ರೆಯ ವಾರ್ಡಿನಲ್ಲಿ ನಿಂತು ನೋಡಿದರೆ ಅದು ಕಾಣುವಂತಿರಲಿಲ್ಲ.

ಬದುಕಿ ಮನೆಗೆ ಬಂದವರ ಕಥೆ ಇನ್ನೂ ಉದ್ದ. ಲಂಡನ್ನಿನ ಸಂಶೋಧಕರು 2011ರಲ್ಲಿ, ತಲೆಗೆ ಪೆಟ್ಟಾಗಿ 11 ತಿಂಗಳಿಂದ 17 ವರ್ಷ ಕಳೆದ ಹತ್ತು ಜನರ ಪಿಇಟಿ ಸ್ಕ್ಯಾನ್ ಮಾಡಿದರು. ಮೈಕ್ರೋಗ್ಲಿಯಾ ಇನ್ನೂ ಕೆರಳಿಯೇ ಇದ್ದವು. ಅದೂ ಏಟು ಬಿದ್ದ ಜಾಗದಲ್ಲಲ್ಲ, ಮೆದುಳಿನ ಆಳದ ಥಲಾಮಸ್‌ನಂಥ ದೂರದ ಭಾಗಗಳಲ್ಲಿ. 17 ವರ್ಷವೆಂದರೆ ಆ ಎರಡು ಮಿಲಿಸೆಕೆಂಡಿನ 26,000 ಕೋಟಿ ಪಟ್ಟಿಗೂ ಹೆಚ್ಚು. ಥಲಾಮಸ್‌ನಲ್ಲಿ ಕೆರಳಿಕೆ ಹೆಚ್ಚಿದ್ದವರ ಅರಿವಿನ ಶಕ್ತಿ ಹೆಚ್ಚು ಕುಗ್ಗಿತ್ತು. ನಾವು ಮಾಡಿಸುವ ಮಾಮೂಲಿ ಸಿಟಿ ಸ್ಕ್ಯಾನಿನಲ್ಲಿ ಇದು ಕಾಣುವುದಿಲ್ಲ. "ಆಕ್ಸಿಡೆಂಟ್ ಆದ್ಮೇಲೆ ಮರೆವು ಜಾಸ್ತಿಯಾಗಿದೆ ಸಾರ್, ಸ್ಕ್ಯಾನ್ ನಾರ್ಮಲ್ ಅಂತಾರೆ" ಎಂದು ಮನೆಯವರು ಹೇಳಿದರೆ, ಆ ಎರಡು ಮಾತೂ ಒಟ್ಟಿಗೇ ನಿಜವಾಗಿರಬಹುದು.